ಅಮ್ಮ ತಲೆಯಾಡಿಸಿದ ದೃಶ್ಯ

"ಅದನ್ನ ಆಫ್ ಮಾಡಿ."

ಬಾಗಿಲಲ್ಲಿ ನಿಂತವನ ದನಿ ಜೋರಾಗೇನೂ ಇರಲಿಲ್ಲ. ಆದರೂ ತಿಯುರ್ಮಾ ಬೆಚ್ಚಿಬಿದ್ದಳು. ಕೈಯಲ್ಲಿದ್ದ ಕ್ಯಾಮೆರಾ ಅಲುಗಿತು. ಬೆಳಗಿನ ಉಬ್ಬರದ ನೀರು ಮನೆಯೊಳಗೆ ಪಾದ ಮುಳುಗುವಷ್ಟು ನಿಂತಿತ್ತು. ಅದರ ನಡುವೆ, ಎತ್ತರಿಸಿದ ಹಲಗೆಯ ಮೇಲೆ ಕೂತು ಇಬು ವರ್ಸಿನಿ, ಅಂದರೆ ವರ್ಸಿನಿ ಅಮ್ಮ, ಹೊಗೆಗೆ ಒಡ್ಡಬೇಕಾದ ಮೀನು ಹೆಚ್ಚುತ್ತಿದ್ದರು.

"ಯಾರು ನೀವು?" ತಿಯುರ್ಮಾ ಕೇಳಿದಳು.

"ನೀವು ನಿಂತಿರೋದು ನಮ್ಮನೇಲಿ. ಆ ಪ್ರಶ್ನೆ ನಾನು ಕೇಳ್ಬೇಕಿತ್ತು."

"ನಿಮ್ಮಮ್ಮನ್ನ ಕೇಳಿಯೇ ಒಳಗೆ ಬಂದಿದೀನಿ."

"ಕೇಳಿರ್ತೀರ. ತಿಂಗಳಿಗೊಬ್ರು ಬರ್ತಾರೆ, ಎಲ್ರೂ ಕೇಳೇ ಬರ್ತಾರೆ. ನೀರಲ್ಲಿ ಕೂತಿರೋ ಅಮ್ಮನ್ನ ಕ್ಯಾಮೆರಾದಲ್ಲಿ ತೆಗೊಂಡು ಹೋಗ್ತಾರೆ. ನೀರು ಮಾತ್ರ ಇಲ್ಲೇ ಬಿಟ್ಟು ಹೋಗ್ತಾರೆ."

ಅವಳ ಕೆನ್ನೆ ಬಿಸಿಯಾಯಿತು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಇಬು ವರ್ಸಿನಿ ಚಾಕು ಕೆಳಗಿಟ್ಟರು.

"ದಮರ್, ಬಂದೋರ ಹತ್ರ ಹೀಗಾ ಮಾತಾಡೋದು? ಟೀ ಕೊಡು ಹೋಗು."

ಅವನು ಮರುಮಾತಾಡದೆ ಒಳಗೆ ಹೋದ. ಬಿಸಿ ಟೀ ತಂದು, ಬಲಗೈಯಲ್ಲಿ ಲೋಟ ಹಿಡಿದು, ಎಡಗೈ ಮೊಣಕೈಗೆ ತಾಗಿಸಿ, ಸ್ವಲ್ಪ ಬಾಗಿ ಅವಳ ಮುಂದೆ ನೀಡಿದ. ಮುಖ ಮಾತ್ರ ಸುಟ್ಟ ಬದನೆಕಾಯಿ. 'ಎಂಥಾ ಜನ ಇವರು... ಬೈತಾ ಬೈತಾನೇ ಉಪಚಾರ ಮಾಡ್ತಾರೆ!' ಅಂದುಕೊಂಡಳು ಅವಳು.

ಅವಳು ಬಟಕ್ ಜನಾಂಗದ ಹುಡುಗಿ. ದೂರದ ದ್ವೀಪದ ಗುಡ್ಡಗಳ ನಡುವಿನ ತೋಬಾ ಸರೋವರದ ದಂಡೆಯ ಮನೆಯಲ್ಲಿ ಹುಟ್ಟಿದವಳು. ಅವರ ಮನೆಯಲ್ಲಿ ಅಪ್ಪ ಉಪ್ಪು ಕೇಳಿದರೂ ಪಕ್ಕದ ಮನೆಯವರು ಜಗಳ ಶುರುವಾಯಿತೆಂದು ಕಿಟಕಿ ತೆರೆಯುತ್ತಿದ್ದರು. ಮನಸ್ಸಿನಲ್ಲಿದ್ದದ್ದು ಬಾಯಿಗೆ ಬರಲು ಅಲ್ಲಿ ಹೊತ್ತು ಹಿಡಿಯುತ್ತಿರಲಿಲ್ಲ. ಓದಲೆಂದು ಜಾವಾದ ಈ ಉತ್ತರ ಕರಾವಳಿಗೆ ಬಂದು ಮೂರನೆಯ ವರ್ಷ. ಇಲ್ಲಿಯವರ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು ಅವಳಿಗೆ ಇನ್ನೂ ರೂಢಿಯಾಗಿರಲಿಲ್ಲ.

"ನಾನು ತಿರುಗಿ ಬರ್ತೀನಿ," ಎಂದಳು ಲೋಟ ಇಡುತ್ತಾ.

"ಎಲ್ರೂ ಹಾಗೇ ಹೇಳ್ತಾರೆ."

ಆದರೆ ಅವಳು ಬಂದಳು. ಮತ್ತೆ ಬಂದಳು. ಮೊರೊಲಾವುತ್ ಎಂಬ ಆ ಊರಿನ ನಾಯಿಗಳು ಅವಳನ್ನು ನೋಡಿ ಬೊಗಳುವುದನ್ನು ಬಿಟ್ಟವು. ಕೊನೆಗೆ ದಮರ್ ಕೂಡ!

ಅವನು ಅವಳದೇ ವಿಶ್ವವಿದ್ಯಾಲಯದಲ್ಲಿ ಹಡಗು ಕಟ್ಟುವ ವಿದ್ಯೆ ಓದುತ್ತಿದ್ದ. ರಜೆಯ ದಿನಗಳಲ್ಲಿ ಅವಳನ್ನು ದೋಣಿಯಲ್ಲಿ ಕೂರಿಸಿಕೊಂಡು, ಒಂದು ಕಾಲದಲ್ಲಿ ಗದ್ದೆಯಾಗಿದ್ದ ನೀರಿನ ಮೇಲೆ ಸುತ್ತಿಸಿದ.

"ಮಧ್ಯದಲ್ಲಿ ಕೂತ್ಕೊಳ್ಳಿ. ಗುಡ್ಡದವರಿಗೆ ಈಜು ಬರಲ್ವಲ್ಲ."

"ಸರೋವರದ ಪಕ್ಕ ಹುಟ್ಟಿದೋಳು ಮಸ್ ನಾನು. ನಂಗೆ ಬರತ್ತೆ. ಕ್ಯಾಮೆರಾಗೆ ಬರಲ್ಲ, ದೋಣಿ ಅಲುಗದ ಹಾಗೆ ನೋಡ್ಕೊಳ್ಳಿ." ಹುಡುಗರನ್ನು ಮರ್ಯಾದೆಯಿಂದ 'ಮಸ್' ಎನ್ನುವ ಇಲ್ಲಿಯ ರೂಢಿಯನ್ನು ಅವಳು ಕಲಿತಿದ್ದಳು.

ಅವನು ನಕ್ಕದ್ದನ್ನು ಅವಳು ಅಂದೇ ಮೊದಲು ನೋಡಿದ್ದು. ಆ ರಾತ್ರಿ ದೃಶ್ಯಗಳನ್ನು ಜೋಡಿಸಲು ಕೂತಾಗ, ಬೇಡದ ತುಣುಕುಗಳನ್ನೆಲ್ಲ ಅಳಿಸಿದಳು. ಅವನು ನಕ್ಕದ್ದನ್ನು ಮಾತ್ರ ಅಳಿಸಲು ಕೈ ಬರಲಿಲ್ಲ. 'ಸಿನಿಮಾಗೆ ಬೇಕಾಗಬಹುದು' ಎಂದು ತನಗೆ ತಾನೇ ಸುಳ್ಳು ಹೇಳಿಕೊಂಡಳು.

ಅವಳ ಸಿನಿಮಾ 'ಬುಧವಾರದ ಪರದೆ'ಗೆ. ಕಲಾ ವಿಭಾಗದ ತೆರೆದ ಮಂಟಪದಲ್ಲಿ ಪ್ರತಿ ಬುಧವಾರ ಮುಸ್ಸಂಜೆ ಚಾಪೆ ಹಾಸಿ ಸಾಕ್ಷ್ಯಚಿತ್ರ ತೋರಿಸುತ್ತಿದ್ದರು. ಗಣಿ, ಕಾಡು, ಕೂಲಿ, ಕಡಲು... ಸಿನಿಮಾ ಮುಗಿದ ಮೇಲೆ ಟೀ ಖಾಲಿಯಾಗುವವರೆಗೂ ವಾದ. ಸೆಮಿಸ್ಟರ್‌ನ ಕೊನೆಯ ಬುಧವಾರ ವಿದ್ಯಾರ್ಥಿಗಳದೇ ಸಿನಿಮಾ. ಸರಣಿಯನ್ನು ನಡೆಸುತ್ತಿದ್ದವಳೂ ತಿಯುರ್ಮಾ, ಈ ಸಲ ಸಿನಿಮಾ ಮಾಡಿದವಳೂ ತಿಯುರ್ಮಾ.

ಚಿತ್ರೀಕರಣದ ಕೊನೆಯ ದಿನ ದಮರ್‌ಗೆ ಪರೀಕ್ಷೆಯಿತ್ತು. ಅವಳು ಒಬ್ಬಳೇ ಹೋಗಿದ್ದಳು.

ಇಬು ವರ್ಸಿನಿಯ ಗಂಡ ಊರಿನ ಗೋರಿಗಳನ್ನು ಕಾಯುತ್ತಿದ್ದವರು. ಈಗ ಅವರೂ ಅಲ್ಲೇ ಮಲಗಿದ್ದರು, ಆ ಗೋರಿಗಳ ಮೇಲೆ ಸಮುದ್ರ ನಿಂತಿತ್ತು. ಉಪವಾಸದ ತಿಂಗಳಿಗೆ ಮೊದಲು ಊರವರು ದೋಣಿಯಲ್ಲಿ ಹೋಗಿ ನೀರಿನ ಮೇಲೆ ಹೂವು ಚೆಲ್ಲಿ, ಪ್ರಾರ್ಥನೆ ಮಾಡಿ ಬರುತ್ತಿದ್ದರು. ಅದನ್ನು ನೆನೆದರೆ ತಿಯುರ್ಮಾಗೆ ಸಂಕಟವಾಗುತ್ತಿತ್ತು. ಅವಳ ಊರಲ್ಲಿ ತಾತನ ಮೂಳೆಗಳನ್ನು ಮಣ್ಣಿನಿಂದ ತೆಗೆದು, ಅರಿಶಿನ ನಿಂಬೆಯ ನೀರಲ್ಲಿ ತೊಳೆದು, ಎತ್ತರದ ಕಲ್ಲಿನ ಗೋರಿಯಲ್ಲಿಟ್ಟು, ಇಡೀ ಬಳಗಕ್ಕೆ ಊಟ ಹಾಕಿದ್ದರು. ಸತ್ತವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಅವಳಿಗೆ ಗೊತ್ತಿರಲಿಲ್ಲ.

ಅದನ್ನೆಲ್ಲ ಹೇಳಿ, ಹಿರಿಯ ಗಂಡಸರನ್ನು ಇಲ್ಲಿ ಕರೆಯುವಂತೆ ಅವರ ಗಂಡನನ್ನೂ 'ಬಾಪಾಕ್' ಎಂದು ಕರೆದು ಅವಳು ಕೇಳಿದಳು. "ಇಬು, ಬಾಪಾಕ್ ಮೂಳೆಗಳನ್ನ ಒಣ ನೆಲಕ್ಕೆ ತಂದ್ರೆ ಒಳ್ಳೇದಲ್ವಾ?"

ಇಬು ವರ್ಸಿನಿ ಅವಳನ್ನೇ ನೋಡಿದರು. ಕಣ್ಣು ತುಂಬಿತು. ಮೆಲ್ಲಗೆ ನಕ್ಕು, ನಿಧಾನವಾಗಿ ತಲೆಯಾಡಿಸಿದರು.

ತಿಯುರ್ಮಾಗೆ ಸಿನಿಮಾದ ಕೊನೆ ಸಿಕ್ಕಿತ್ತು!

ಅವಳಿಗೆ ಗೊತ್ತಿರದ ಸಂಗತಿ ಒಂದಿತ್ತು. ಮೊರೊಲಾವುತ್ ಇರುವ ಜಾಗದಲ್ಲಿ ಕಾರ್ಖಾನೆಗಳ ಬಡಾವಣೆ ಬರುವುದೇನೋ ಅವಳಿಗೂ ಗೊತ್ತಿತ್ತು. ಆದರೆ ಊರವರನ್ನು ಎಬ್ಬಿಸಲು ಅಡ್ಡ ಇದ್ದದ್ದು ಆ ಮುಳುಗಿದ ಗೋರಿಗಳೊಂದೇ; ಮನೆಯವರು ಒಪ್ಪದೆ ಗೋರಿ ಮುಟ್ಟುವಂತಿರಲಿಲ್ಲ. ಯಾರೂ ಒಪ್ಪಬಾರದೆಂದು ಊರೆಲ್ಲ ಮಾತಾಡಿಕೊಂಡಿತ್ತು. ಹೊರಗಿನವರ ಮುಂದೆ ಯಾರೂ ಅದನ್ನು ಆಡುತ್ತಿರಲಿಲ್ಲ. ದಮರ್ ಕೂಡ ಆಡಿರಲಿಲ್ಲ.

ಬುಧವಾರ ಬೆಳಿಗ್ಗೆ ತಿಯುರ್ಮಾ ಸಿನಿಮಾದ ಟ್ರೇಲರನ್ನು ಅಂತರ್ಜಾಲಕ್ಕೆ ಹಾಕಿದಳು. ಅದರ ಕೊನೆಯಲ್ಲಿ ಅವಳ ಪ್ರಶ್ನೆ, ಇಬು ವರ್ಸಿನಿಯ ತಲೆಯಾಟ. ಹಾಕಿ, ಫೋನ್ ಆಫ್ ಮಾಡಿ, ಉಳಿದ ಕೆಲಸಕ್ಕೆ ಕೂತಳು.

ಮಧ್ಯಾಹ್ನ ಅವಳು ಮಂಟಪದಲ್ಲಿ ಪರದೆ ಕಟ್ಟಿಸುತ್ತಿದ್ದಾಗ ದಮರ್ ಬಂದ. ಅವನನ್ನು ನೋಡಿ ಅವಳ ಮುಖ ಅರಳಿತು. ಅವನ ಹಿಂದೆ ವಿದ್ಯಾರ್ಥಿ ವ್ಯವಹಾರಗಳ ಕಚೇರಿಯ ಬಾಪಾಕ್ ಹರ್ಜೋನೊ ಬರುತ್ತಿದ್ದದ್ದು ಕಂಡಾಗ ಅರಳಿದ್ದು ಅಲ್ಲೇ ಬಾಡಿತು. ಸರಣಿ ಶುರುವಾದಾಗಿನಿಂದ ಅದಕ್ಕೆ ಕೊಕ್ಕೆ ಹಾಕುತ್ತಲೇ ಬಂದವರು ಅವರು.

ದಮರ್ ಕೈಕಟ್ಟಿ ನಿಂತ. ಸುತ್ತ ಅವಳ ತಂಡದ ಹುಡುಗಿಯರೆಲ್ಲ ಇದ್ದರು.

"ನಿಮ್ಮ ಕೊನೆಯ ದೃಶ್ಯ..." ಅಂದ. "ಅದರಲ್ಲಿ ಬೆಳಕು ಅಷ್ಟು ಸರಿಯಾಗಿ ಬಂದಿಲ್ಲ ಅನ್ಸತ್ತೆ. ಬಿಟ್ಟುಬಿಟ್ರೆ ಹೇಗೆ?"

"ಬೆಳಕಾ?"

"ನಾನೂ ಅದನ್ನೇ ಹೇಳ್ತಿದ್ದೆ," ಬಾಪಾಕ್ ಹರ್ಜೋನೊ ನಡುವೆ ಬಾಯಿ ಹಾಕಿದರು. "ಇವತ್ತು ಜಿಲ್ಲಾ ಕಚೇರಿಯಿಂದ ದೊಡ್ಡೋರು ಬರ್ತಿದಾರೆ. ಟ್ರೇಲರ್ ನೋಡಿ ಖುಷಿಯಾಗಿದೆಯಂತೆ. ಆದ್ರೂ ಗಲಾಟೆ ಯಾಕೆ? ಆಮೆ ಮೊಟ್ಟೆ ಇಡೋದರ ಮೇಲೆ ಒಳ್ಳೇ ಸಿನಿಮಾ ಇದೆ ನಮ್ಮ ಹತ್ರ. ಅದನ್ನೇ ಹಾಕಿ."

ತಿಯುರ್ಮಾ ದಮರ್‌ನನ್ನು ನೋಡಿದಳು. ಅವನು ನೆಲ ನೋಡುತ್ತಿದ್ದ. 'ಆಫೀಸಿಗೆ ಹೋಗಿ ಇವರನ್ನ ಕರ್ಕೊಂಡು ಬಂದಿದಾನೆ... ನನ್ನ ಸಿನಿಮಾ ನಿಲ್ಸೋಕೆ!'

"ಮಸ್ ದಮರ್, ಕಡ್ಡಿ ಮುರಿದ ಹಾಗೆ ಹೇಳಿ. ಯಾಕೆ ಬೇಡ?"

ಅವನು ಸುತ್ತ ನಿಂತವರ ಕಡೆ ಒಮ್ಮೆ ನೋಡಿದ.

"ಹೇಳಿದ್ನಲ್ಲ. ಬೆಳಕು."

"ಏನು ಕೊಡ್ತೀನಿ ಅಂದ್ರು ನಿಮಗೆ? ಆ ಬಡಾವಣೆಯಲ್ಲಿ ಕೆಲಸಾನಾ?"

ಅವನ ಮುಖದ ಬಣ್ಣ ಇಳಿದುಹೋಯಿತು. ಜಗಳ ಆಡಬಹುದಿತ್ತು, ಬೈಯಬಹುದಿತ್ತು. ಅವನು ತಲೆ ಬಾಗಿಸಿದ.

"ತೊಂದರೆ ಕೊಟ್ಟೆ. ಕ್ಷಮಿಸಿ."

ಹೋಗಿಯೇಬಿಟ್ಟ. 'ಹೋಗಲಿ. ಒಳಗೆ ಹುಳುಕು ಇರೋರಿಗೇ ಉತ್ತರ ಇರಲ್ಲ,' ಅಂದುಕೊಂಡಳು. ಅಂದುಕೊಂಡರೂ ಕಣ್ಣು ಉರಿಯಿತು. ಯಾರಿಗೂ ಕಾಣದಂತೆ ಪರದೆಯ ಹಿಂದೆ ಹೋಗಿ ಒರೆಸಿಕೊಂಡಳು.

ಮುಸ್ಸಂಜೆಯ ನಮಾಜ್ ಮುಗಿದು ಜನ ಬಂದರು. ಮುಂದಿನ ಸಾಲಿನಲ್ಲಿ ಜಿಲ್ಲಾ ಕಚೇರಿಯವರು, ಪಕ್ಕದಲ್ಲಿ ಬೆವರುತ್ತಾ ಬಾಪಾಕ್ ಹರ್ಜೋನೊ. ಮೊರೊಲಾವುತ್‌ನವರು ಪಿಕಪ್ ಗಾಡಿಯಲ್ಲಿ ಬಂದಿಳಿದರು. ತಿಯುರ್ಮಾ ಓಡಿಹೋಗಿ ಇಬು ವರ್ಸಿನಿಯ ಕೈ ಹಿಡಿದಳು. ಆ ಕೈ ತಣ್ಣಗಿತ್ತು.

"ಊಟ ಆಯ್ತಾ ಮಗಳೇ?" ಎಂದರು ಅವರು, ಎಂದಿನಂತೆಯೇ.

ದೀಪ ಆರಿತು. ಪರದೆಯ ಮೇಲೆ ಸಮುದ್ರ ಮೂಡಿತು. ಪ್ರೊಜೆಕ್ಟರ್ ಹಿಂದೆ ನಿಂತ ತಿಯುರ್ಮಾ ಸಿನಿಮಾ ನೋಡಲಿಲ್ಲ, ನೋಡುವವರನ್ನು ನೋಡಿದಳು. ಏನೋ ಸರಿಯಿರಲಿಲ್ಲ. ಮೊರೊಲಾವುತ್‌ನ ಹೆಂಗಸರು ಒತ್ತೊತ್ತಾಗಿ ಕೂತಿದ್ದರು. ಇಬು ವರ್ಸಿನಿ ಅದೇ ಚಾಪೆಯ ತುದಿಯಲ್ಲಿ ಒಬ್ಬರೇ. ನಡುವೆ ಇಬ್ಬರು ಕೂರುವಷ್ಟು ಜಾಗ ಖಾಲಿ. ಎಷ್ಟು ಇಕ್ಕಟ್ಟಾದರೂ ಯಾರೂ ಅಲ್ಲಿಗೆ ಸರಿಯುತ್ತಿರಲಿಲ್ಲ.

ಪಕ್ಕಕ್ಕೆ ಗೆಳತಿ ರುಕ್ಮಿ ಬಂದಳು. ಈ ಕಡೆಯ ಹುಡುಗಿ, ಚಾಪೆ ಟೀ ವ್ಯವಸ್ಥೆಯೆಲ್ಲ ಅವಳದೇ. ಬೆಳಿಗ್ಗೆಯಿಂದ ಉಸಿರಾಡಲು ಪುರುಸೊತ್ತಿಲ್ಲದೆ ಓಡಾಡಿ, ಈಗ ಫೋನಿನಲ್ಲಿ ಟ್ರೇಲರ್ ನೋಡಿ, ಗಾಡಿಯ ಬಳಿ ದಮರ್‌ನನ್ನೂ ಮಾತಾಡಿಸಿ ಬಂದಿದ್ದಳು.

"ತಿಯುರ್... ಇದನ್ನ ಯಾಕೆ ಹಾಕಿದೆ?"

"ಯಾಕೆ? ಅವ್ರೇ ಒಪ್ಕೊಂಡ್ರಲ್ಲ."

"ಎಲ್ಲಿ ಒಪ್ಕೊಂಡ್ರು? ಅವರ ಮನೇಲಿ ಕೂತು, ಅವರ ಟೀ ಕುಡ್ಕೊಂಡು, ನಿನ್ನ ತಾತನ ಕಥೆ ಹೇಳಿ ಕೇಳಿದೀಯ. ಮನೆಗೆ ಬಂದೋಳ ಮುಖದ ಮೇಲೆ ಇಲ್ಲ ಅಂತ ಹೆಂಗೆ ಹೇಳ್ತಾರೆ? ಕೇಳಿಸ್ಕೊಂಡೆ ಮಗಳೇ, ನಿನ್ನ ಮನಸ್ಸು ಒಳ್ಳೇದು ಅಂತ ತಲೆ ಆಡ್ಸಿದಾರೆ ಅಷ್ಟೇ. ನಮ್ಮಮ್ಮ ಆದ್ರೂ ಅದನ್ನೇ ಮಾಡ್ತಿದ್ಲು."

"ಮತ್ತೆ ದಮರ್... ಬೆಳಕು ಅಂದ್ನಲ್ಲ?"

"ಅಯ್ಯೋ ನಿನ್ನ. ನಮ್ಮ ಕಡೆ ಗಂಡಸು ಹಂಗೆ ಕೈಕಟ್ಟಿ ನಿಂತು ಬೆಳಕಿನ ಬಗ್ಗೆ ಮಾತಾಡ್ತಿದಾನೆ ಅಂದ್ರೆ ಅವನ ಮನೆಗೆ ಬೆಂಕಿ ಬಿದ್ದಿದೆ ಅಂತ ತಿಳ್ಕೋಬೇಕು. ಬೆಳಿಗ್ಗೆಯಿಂದ ಫೋನ್ ಮಾಡಿದಾನಂತೆ, ನಿಂದು ಆಫ್. ನೀನೆಲ್ಲಿದೀಯ ಅಂತ ಕೇಳೋಕೆ ಆಫೀಸಿಗೆ ಹೋದ್ರೆ ಆ ಮುದುಕ ಅಂಟ್ಕೊಂಡು ಬಂದ. ಇವಾಗ ಹೊರಗೆ ಗಾಡಿ ಹತ್ರ ನಿಂತಿದಾನೆ. ಊರಲ್ಲಿ ಅವರಮ್ಮನ ಹತ್ರ ಯಾರೂ ಮಾತಾಡ್ತಿಲ್ವಂತೆ. ಗೋರಿ ಕಾಯ್ತಿದ್ದವನ ಹೆಂಡ್ತಿನೇ ಗೋರಿ ಮಾರಿದ್ಲು ಅಂತಿದಾರೆ. ಗೋರಿ ತೆಗೆಯೋ ವಿಷಯಕ್ಕೆ ನಾಳೆ ಊರಲ್ಲಿ ಸಭೆ. ಮುಂದೆ ಕೂತಿದಾರಲ್ಲ, ಇವರು ನಿನ್ನ ಸಿನಿಮಾನ ಅಲ್ಲಿಗೇ ತೆಗೊಂಡು ಹೋಗೋಕೆ ಬಂದಿರೋದು."

ಪರದೆಯ ಮೇಲೆ ದೋಣಿಗಳು ಹೂವು ಚೆಲ್ಲಿ ಮರಳುತ್ತಿದ್ದವು. ಅದಾದ ಮೇಲೆ ಕೊನೆಯ ದೃಶ್ಯ. ಮುಂದಿನ ಸಾಲಿನ ಅಧಿಕಾರಿ ಆಗಲೇ ಫೋನ್ ಮೇಲೆತ್ತಿ ಹಿಡಿದಿದ್ದರು.

'ಕತ್ತರಿಸಿದರೆ ಸಾಕಾ?' ಇಲ್ಲ, ಸಾಲದು. ಬೆಳಿಗ್ಗೆಯೇ ಊರೆಲ್ಲ ನೋಡಿಯಾಗಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಈಗ ಸುಮ್ಮನೆ ಆ ತುಣುಕು ಹಾರಿಸಿದರೆ ತನ್ನ ಮರ್ಯಾದೆ ಉಳಿಯುತ್ತದೆ. ಇಬು ವರ್ಸಿನಿಯದು ಉಳಿಯುವುದಿಲ್ಲ.

ಅವಳು ಪ್ರೊಜೆಕ್ಟರ್‌ನ ವಯರ್ ಕಿತ್ತಳು.

ಮಂಟಪ ಕತ್ತಲಾಯಿತು. "ಏನಾಯ್ತು?" "ಕರೆಂಟಾ?" ಎಂದು ಗುಸುಗುಸು. ರುಕ್ಮಿ ದೀಪ ಹಾಕಿದಳು. ತಿಯುರ್ಮಾ ಪರದೆಯ ಮುಂದೆ ಬಂದು ನಿಂತಳು.

"ಇನ್ನೊಂದೇ ದೃಶ್ಯ ಬಾಕಿ ಇದೆ. ಅದು ಸುಳ್ಳು," ಎಂದಳು. "ಸುಳ್ಳು ಹೇಳಿದ್ದು ಇಬು ವರ್ಸಿನಿ ಅಲ್ಲ. ನಾನು. ಅವರು ಕೊಟ್ಟ ಮರ್ಯಾದೆನ ನಾನು ಒಪ್ಪಿಗೆ ಅಂತ ತೋರಿಸಿದೀನಿ."

ಅಧಿಕಾರಿ ಕೂತಲ್ಲಿಂದಲೇ ನಕ್ಕರು. "ಬೆಳಿಗ್ಗೆ ನಾವೇ ನೋಡಿದೀವಿ. ತಲೆ ಆಡಿಸಿದಾರೆ, ಕಣ್ಣಿಗೆ ಕಾಣ್ಸತ್ತೆ. ಈಗ ನಿಮ್ಮನ್ನ ಯಾರೋ ಹೆದರಿಸಿದ್ರಾ?"

ಬಾಪಾಕ್ ಹರ್ಜೋನೊ ಕೈಸನ್ನೆಯಲ್ಲಿ ಕೂರು ಕೂರು ಎನ್ನುತ್ತಿದ್ದರು. ಅವಳು ಕೂರಲಿಲ್ಲ.

"ಹಾಗಾದ್ರೆ ಅದೇ ಪ್ರಶ್ನೆ ಈಗ ಕೇಳ್ತೀನಿ. ನಿಮ್ಮ ಫೋನ್ ಹಾಗೇ ಇರ್ಲಿ."

ಅವಳು ಕೂತವರ ನಡುವೆ ಬೆನ್ನು ಬಾಗಿಸಿ ನಡೆದುಹೋದಳು. ಇಬು ವರ್ಸಿನಿಯ ಮುಂದೆ ಮಂಡಿಯೂರಿದಳು.

"ಇಬು, ಇವತ್ತು ನಾನು ನಿಮ್ಮ ಮನೆಗೆ ಬಂದೋಳಲ್ಲ. ನೀವು ನನ್ನ ಮನೆಗೆ ಬಂದಿದೀರ. ನಂಗೆ ಬೇಜಾರಾಗತ್ತೆ ಅಂತ ನೋಡ್ಬೇಡಿ. ಬಾಪಾಕ್‌ನ ಅಲ್ಲಿಂದ ತೆಗೀಬಹುದಾ?"

ಮಂಟಪದ ಕಂಬದ ಬಳಿ ದಮರ್ ಬಂದು ನಿಂತದ್ದು ಅವಳಿಗೆ ಕಾಣಿಸಿತು.

ಇಬು ವರ್ಸಿನಿ ತಲೆವಸ್ತ್ರದ ಅಂಚು ಸರಿಮಾಡಿಕೊಂಡರು. ಜನ್ಮದಲ್ಲಿ ಒಮ್ಮೆಯೂ ನಾಲ್ಕು ಜನರ ಮುಂದೆ ಒಬ್ಬರ ಮಾತಿಗೆ ಎದುರಾಡಿದ ಹೆಂಗಸಲ್ಲ. ಬಾಯಿ ತೆರೆದರು, ಮುಚ್ಚಿದರು. ಈ ಹುಡುಗಿಗೆ ನೋವಾಗದ ಮಾತೊಂದನ್ನು ಹುಡುಕುತ್ತಿದ್ದರೆಂದು ತಿಯುರ್ಮಾಗೆ ತಿಳಿಯಿತು. ಅವಳ ಕಣ್ಣಿಂದ ನೀರಿಳಿಯಿತು.

"ಹೇಳಿ ಇಬು. ತಡ್ಕೋತೀನಿ."

"ಬೇಡ," ಎಂದರು ಇಬು ವರ್ಸಿನಿ.

ದನಿ ಸಣ್ಣದಾಗಿತ್ತು. ಅವರು ಎದ್ದು ನಿಂತರು. ಈ ಸಲ ಮುಂದಿನ ಸಾಲಿಗೂ ಕೇಳಿಸಿತು.

"ಬೇಡ. ಅವ್ರನ್ನ ಯಾರೂ ಮುಟ್ಟಬೇಡಿ. ಬದುಕಿರೋವರೆಗೂ ಊರಿನ ಸತ್ತೋರನ್ನ ಕಾದ್ರು. ಅವರನ್ನ ಎಬ್ಬಿಸಿ ನಾನು ಒಣ ನೆಲದಲ್ಲಿ ಮಲಗ್ಲಾ? ನಾನು ಒಪ್ಪಿಲ್ಲ. ಒಪ್ಪಲ್ಲ."

ಅಧಿಕಾರಿ ಫೋನ್ ಕೆಳಗಿಳಿಸಿದರು. "ನಾಳೆ ಸಭೆಯಲ್ಲಿ ನೋಡೋಣ," ಎಂದು ಎದ್ದು ಹೊರಟರು. ಬಾಪಾಕ್ ಹರ್ಜೋನೊ ಅವರ ಚಪ್ಪಲಿ ಹುಡುಕಿಕೊಡಲು ಹಿಂದೆ ಓಡಿದರು.

ಚಾಪೆಯ ಮೇಲೆ ಮೊರೊಲಾವುತ್‌ನ ಮುದುಕಿಯೊಬ್ಬರು ಸರಿದು ಬಂದು ಇಬು ವರ್ಸಿನಿಯ ತೊಡೆಗೆ ತೊಡೆ ತಾಗಿಸಿ ಕೂತರು. ಇನ್ನೊಬ್ಬರು ಸರಿದರು. ಖಾಲಿ ಜಾಗ ತುಂಬಿಹೋಯಿತು. ಯಾರೋ ಕರಿದ ಬಾಳೆಹಣ್ಣಿನ ತಟ್ಟೆಯನ್ನು ಆ ಕಡೆ ದಾಟಿಸಿದರು.

"ನನ್ನ ಕ್ಷಮಿಸಿಬಿಡಿ ಇಬು," ತಿಯುರ್ಮಾ ಬಿಕ್ಕಿದಳು.

"ಒಳ್ಳೇದಾಗ್ಲಿ ಅಂತಾನೇ ಕೇಳಿದ್ದು ನೀನು. ಅದಕ್ಕೇ ಅವತ್ತು ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ," ಅವರು ಅವಳ ತಲೆ ಸವರಿದರು. "ಹೋಗು. ಅವನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನನ್ನ ಮಾತು ಕೇಳಲ್ಲ."

ದಮರ್ ಮಂಟಪದ ಮೆಟ್ಟಿಲ ಮೇಲೆ ಕೂತಿದ್ದ. ಅವಳು ಒಂದು ಮೆಟ್ಟಿಲು ಬಿಟ್ಟು ಕೂತಳು. ಜೊತೆಗೆ ತಂದ ಬಾಳೆಹಣ್ಣಿನ ತಟ್ಟೆಯನ್ನು ಅವನ ಕಡೆ ತಳ್ಳಿದಳು.

"ಮಧ್ಯಾಹ್ನ ನಾನು ಆಡಿದ ಮಾತು... ನಾಲಿಗೆ ಕಿತ್ತು ಬಿಸಾಡ್ಬೇಕು ಅನ್ಸತ್ತೆ."

"ತಪ್ಪು ನಂದೂ ಇದೆ. ಹೇಳ್ಬೇಕಿತ್ತು."

"ಯಾಕೆ ಹೇಳ್ಲಿಲ್ಲ?"

"ನಿಮ್ಮ ಹುಡುಗೀರೆಲ್ಲ ಅಲ್ಲೇ ನಿಂತಿದ್ರು. ಆ ಹರ್ಜೋನೊ ಬೇರೆ. ಅವರ ಮುಂದೆ ನೀವು ತಪ್ಪು ಮಾಡಿದೀರ ಅಂತ... ನಂಗೆ ಆಗ್ಲಿಲ್ಲ."

ಅವನ ಊರು, ಅವನ ಅಮ್ಮನ ಮಾನ, ಎಲ್ಲ ಹೋಗುವ ಹೊತ್ತಿನಲ್ಲೂ ಅವನು ಕಾಪಾಡಲು ನೋಡಿದ್ದು ಅವಳ ಮರ್ಯಾದೆಯನ್ನು! ತಿಯುರ್ಮಾಗೆ ಪ್ರೀತಿಗೂ ಸಿಟ್ಟಿಗೂ ಒಟ್ಟಿಗೇ ಅಳು ಬಂತು.

"ನಮ್ಮೂರಲ್ಲಿ ತಪ್ಪು ಮಾಡಿದ್ರೆ ತಟ್ಟೆ ಎಸೀತಾರೆ ಮಸ್. ಆಮೇಲೆ ಒಟ್ಟಿಗೆ ಊಟಕ್ಕೆ ಕೂರ್ತಾರೆ. ಇನ್ಮೇಲೆ ನನ್ನ ಮೇಲೂ ಎಸೀರಿ. ಸುಮ್ನೆ ಕ್ಷಮಿಸಿ ಅಂದು ಹೋಗ್ಬೇಡಿ. ಜೀವ ಹೋಗತ್ತೆ."

"ಇನ್ಮೇಲೆ ಅಂದ್ರೆ..." ಅವನು ಬಾಳೆಹಣ್ಣಿನ ತುಂಡನ್ನು ಮುರಿದ. ತಿನ್ನಲಿಲ್ಲ. "ಸಿನಿಮಾ ಮುಗೀತು. ಇನ್ನು ನಮ್ಮೂರಿಗೆ ಬರೋ ಕೆಲಸ ಇರಲ್ಲ ನಿಮಗೆ."

"ಇರಲ್ಲ."

"ಮೀನು ಹೊಗೆ ಹಾಕೋದು ಕಲಿಯೋಕೆ ಬರಬಹುದು ಅಂತ ಅಮ್ಮ..."

"ಇಬು ಹೇಳಿದ್ರಾ?"

ಅವನು ಮುರಿದ ತುಂಡನ್ನು ತಟ್ಟೆಗೆ ಹಾಕಿದ.

"ಇಲ್ಲ. ಅಮ್ಮ ಏನೂ ಹೇಳಿಲ್ಲ. ನಾನು ಹೇಳ್ತಿರೋದು." ಮೊದಲ ಸಲ ಅವಳನ್ನು ನೇರವಾಗಿ ನೋಡಿದ. "ನೀನಂದ್ರೆ ನಂಗೆ ಇಷ್ಟ ತಿಯುರ್. ನೀನು ಬರದ ದಿನ ನಂಗೆ ಮನೇಲಿ ಇರೋಕಾಗಲ್ಲ."

ನೀವು ಹೋಗಿ ನೀನು ಬಂದಿತ್ತು. ಬಾಯಿ ಬಡುಕಿ ಎಂದು ಬಳಗದಲ್ಲೆಲ್ಲ ಹೆಸರಾದ ಹುಡುಗಿ ತಲೆ ತಗ್ಗಿಸಿ ಮೆಲ್ಲಗೆ ಮಾತಾಡಿದಳು.

"ನಂಗೂ ನೀನಂದ್ರೆ ಇಷ್ಟ. ದೋಣೀಲಿ ನಕ್ಕ ದಿನದಿಂದ. ಆದ್ರೆ ಭಾನುವಾರ ನಾನು ಚರ್ಚಿಗೆ ಹೋಗೋಳು ದಮರ್. ನಮ್ಮಪ್ಪನಿಗೆ ಗೊತ್ತಾದ್ರೆ ಸರೋವರದ ಆ ದಡಕ್ಕೂ ಕೇಳೋ ಹಾಗೆ ಕೂಗ್ತಾನೆ. ನಿಮ್ಮ ಕಡೆ ಯಾರೂ ಕೂಗಲ್ಲ, ಅದು ಇನ್ನೂ ಕಷ್ಟ."

"ಗೊತ್ತು. ರಾತ್ರಿಯೆಲ್ಲ ಅದನ್ನೇ ಯೋಚ್ನೆ ಮಾಡ್ತೀನಿ."

"ಭಯ ಆಗಲ್ವಾ?"

"ಆಗತ್ತೆ. ಆದ್ರೆ ನಾಳೆ ಸಭೆ ಇದೆ. ಒಂದು ದಿನಕ್ಕೆ ಒಂದು ಜಗಳ ಸಾಕು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ನಡುವಿನ ಮೆಟ್ಟಿಲು ಇಳಿದು ಅವನ ಪಕ್ಕಕ್ಕೆ ಕೂತಳು.

"ಸಭೆಗೆ ನಾನೂ ಬರ್ತೀನಿ."

"ಊರಿನೋರಿಗೆ ಮಾತ್ರ ಪ್ರವೇಶ ಅಂತಾರೆ. ಬಾಗಿಲಲ್ಲೇ ಕೇಳ್ತಾರೆ, ನೀನು ಯಾರು ಅಂತ."

"ಇಬು ವರ್ಸಿನಿ ಮನೆಯೋಳು ಅಂತೀನಿ. ಸುಳ್ಳಾಗತ್ತಾ?"

ದಮರ್ ಅವಳ ಕೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡ.

"ನಾಳೆಗೆ ಸುಳ್ಳು," ಎಂದ. "ಮುಂದಕ್ಕೆ ಸುಳ್ಳಾಗದ ಹಾಗೆ ನಾನು ನೋಡ್ಕೋತೀನಿ."